ಥರ್ಮೊಕೋಲಿನ ಓಟಿಸ್

ಮಾರ್ಚ್ 3, ಮಂಗಳವಾರ

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಓಟಿಸ್‌ನನ್ನು ಕಂಡರೆ ನನಗೆ ಯಾವತ್ತೂ ಭಯವಿರಲಿಲ್ಲ.

ಓಟಿಸ್ ಎಂದರೆ ವರ್ಡೆಲ್ ಮಾಮನ ಮನೆಮುಂದೆ, ಕಾರು ನಿಲ್ಲಿಸುವ ಚಪ್ಪರದ ಪಕ್ಕ ನಿಂತಿರುವ ಟಿಕಿ, ಅಂದರೆ ಪೆಸಿಫಿಕ್ ದ್ವೀಪಗಳ ದೇವರಂತೆ ಕಾಣುವ ಮರದ ಬೊಂಬೆ. ತಾಳೆ ದಿಮ್ಮಿಯಲ್ಲಿ ಮಾಮನೇ ಕೆತ್ತಿದ್ದು. ಮಾಮನಿಗಿಂತ ಒಂದು ಗೇಣು ಎತ್ತರ, ಕಿವಿಯಿಂದ ಕಿವಿಗೆ ಬಾಯಿ, ಹಲಗೆಯಂಥ ಹಲ್ಲು, ಗಂಟಿಕ್ಕಿದ ಹುಬ್ಬು. ನಾನು ಚಿಕ್ಕವಳಿದ್ದಾಗ ಅಮ್ಮ ಪ್ರತಿ ಬೇಸಿಗೆಯಲ್ಲೂ ಇಲ್ಲಿಗೆ, ಫ್ಲೋರಿಡಾಕ್ಕೆ, ಕರೆತರುತ್ತಿದ್ದಳು. ವಾಪಸ್ ಹೊರಡುವ ದಿನ ನಾನು ಓಟಿಸ್‌ನ ಮುಂದೆ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದೆ. ಮಗು ಹೆದರಿದೆ ಎಂದು ದೊಡ್ಡವರು ತೀರ್ಮಾನಿಸಿದರು. ಆಮೇಲಿಂದ ನಾವು ಬರುವ ದಿನ ಐಯೋನಾ ಅತ್ತೆ ಅವನ ಮೇಲೆ ಹೂವಿನ ಬೆಡ್‌ಶೀಟ್ ಹೊದಿಸಿಡುತ್ತಿದ್ದಳು. ಈಗಲೂ ನೆಂಟರು ಸೇರಿದಾಗ ಇದನ್ನು ಹೇಳಿ ನಗುತ್ತಾರೆ.

ನಾನು ಕಿರುಚುತ್ತಿದ್ದದ್ದು ಹೊರಡಬೇಕಲ್ಲ ಎಂದು. ಆಗ ಅದನ್ನು ಹೇಳಲು ಬರಲಿಲ್ಲ. ಬರುವ ಹೊತ್ತಿಗೆ ನಾಚಿಕೆಯಾಯಿತು.

ಈಗ ನನಗೆ ಹತ್ತೊಂಬತ್ತು. ಶಾಲೆಯ ಕೊನೆಯ ವರ್ಷವನ್ನು ಅರ್ಧಕ್ಕೆ ಬಿಟ್ಟೆ. ಸೀಗಡಿ ಹೋಟೆಲು ಬಿಟ್ಟೆ, ನಾಯಿ ತೊಳೆಯುವ ಅಂಗಡಿ ಬಿಟ್ಟೆ, ಕಾರು ಓಡಿಸುವುದನ್ನು ಕಲಿಯುವುದೂ ಬಿಟ್ಟೆ. ಅತ್ತೆ ತೀರಿಹೋಗಿ ಎರಡು ವರ್ಷವಾಯಿತು, ಮಾಮನ ಕೈ ನಡುಗುತ್ತದೆ, ಸ್ವಲ್ಪ ದಿನ ಜೊತೆಗಿರು ಎಂದು ಅಮ್ಮ ನನ್ನನ್ನು ಇಲ್ಲಿಗೆ ಸಾಗಹಾಕಿದ್ದಾಳೆ. ಯಾರು ಯಾರನ್ನು ನೋಡಿಕೊಳ್ಳಲಿ ಎಂದು ಕಳಿಸಿದಳೋ ಅವಳಿಗೇ ಗೊತ್ತು.

ಶುಕ್ರವಾರ ಹೊರಡುತ್ತೇನೆ.

ಮಾರ್ಚ್ 6, ಶುಕ್ರವಾರ

ಹೊರಡಲಿಲ್ಲ. ಬಸ್ಸಿನ ತನಕ ಮಾಮನೇ ಬಿಡಬೇಕು. ಅವನು ಮುಲೆಟ್ ಮೀನಿಗೆ ಬಲೆ ಬೀಸಲು ಹೋಗಿಬಿಟ್ಟ. ಕೈ ನಡುಗಿದರೂ ಬಲೆ ಬೀಸುತ್ತಾನೆ. ಮೀನು ಸಿಗಲಿಲ್ಲ.

ಮಾರ್ಚ್ 10, ಮಂಗಳವಾರ

ಗೆದ್ದಲು ನೋಡುವವನು ಬಂದಿದ್ದ. ಚಪ್ಪರದ ಕಂಬ ತಟ್ಟಿದ, ಮನೆಯ ಕೆಳಗೆ ತೂರಿ ಟಾರ್ಚ್ ಬಿಟ್ಟು ನೋಡಿದ. ಕೊನೆಗೆ ಓಟಿಸ್‌ನ ಹೊಟ್ಟೆಗೆ ಸ್ಕ್ರೂಡ್ರೈವರ್ ಒತ್ತಿದ. ಅದು ಕೇಕಿಗೆ ಹೋದ ಹಾಗೆ ಹಿಡಿಯ ತನಕ ಒಳಗೆ ಹೋಯಿತು.

ಏಪ್ರಿಲ್ ಇಪ್ಪತ್ತರಂದು ಇಡೀ ಮನೆಗೆ ಟೆಂಟ್ ಹೊದಿಸಿ ಒಳಗೆ ಔಷಧಿ ಬಿಡುತ್ತಾರಂತೆ. ಅದೇ ದಿನ ಓಟಿಸ್‌ನನ್ನು ಲಾರಿಗೆ ಹಾಕಿ ಸುಡಲು ಒಯ್ಯಬೇಕಂತೆ.

ಮಾಮ ಮೆಲ್ಲಗೆ ಕೇಳಿದ, "ಇವನೊಬ್ಬನಿಗೆ ಔಷಧಿ ಹೊಡೆದು ಬಿಟ್ಬಿಡೋಕೆ ಆಗಲ್ವಾ?"

"ಗೆದ್ದಲಿರೋದು ನಿಮ್ಮನೇಲಲ್ಲ ಯಜಮಾನ್ರೇ. ಅವು ಇರೋದು ಇವನೊಳಗೆ. ನಿಮ್ಮನೆಗೆ ಊಟಕ್ಕೆ ಬರ್ತವೆ ಅಷ್ಟೇ."

ಮಾಮ ನಗಲಿಲ್ಲ. ಒಳಗೆ ಹೋದವನು ಸೀನಾ ಬರುವ ತನಕ ಹೊರಗೆ ಬರಲಿಲ್ಲ.

ಸೀನಾ ಮಾಮನ ಕೈಗೆ ವ್ಯಾಯಾಮ ಮಾಡಿಸಲು ಬರುವವಳು, ಪೆಸಿಫಿಕ್‌ನ ಸಮೋವಾ ದ್ವೀಪದವಳು. ಗುಂಡಗಿದ್ದಾಳೆ, ಯಾವುದಕ್ಕೂ ಅವಸರವಿಲ್ಲ. ಓಟಿಸ್ ನಿಮ್ಮ ಕಡೆಯ ದೇವರಾ ಎಂದು ನಾನು ಕೇಳಿದೆ. ಎಷ್ಟು ದಿನದಿಂದ ಕೇಳಬೇಕೆಂದಿದ್ದೆ.

"ನಮ್ಮ ದ್ವೀಪದಲ್ಲಿ ಯಾರೂ ಕೆತ್ತಲ್ಲಮ್ಮ. ಬೇರೆ ದ್ವೀಪದವರು ಕೆತ್ತುತ್ತಾರೆ, ಅವು ಅವರ ಹಿರಿಯರು, ಎದುರಿಗೆ ನಿಂತ್ರೆ ಮಾತು ನಿಂತುಹೋಗ್ತದೆ." ಅವಳು ಓಟಿಸ್‌ನನ್ನು ಮೇಲಿಂದ ಕೆಳಗೆ ನೋಡಿದಳು. "ಇವನು ಫ್ಲೋರಿಡಾದವನು. ಯಾರಿಗೋ ಬೈತಾ ಇರೋ ಹಾಗಿದಾನೆ."

ಮಾರ್ಚ್ 13, ಶುಕ್ರವಾರ

ಬೆಳಿಗ್ಗೆ ಚೀಲ ತುಂಬುತ್ತಿದ್ದೆ. ಹಿತ್ತಲಿನಲ್ಲಿ ಮೋಟಾರು ಗರಗಸದ ಸದ್ದು ಕೇಳಿಸಿತು. ಒಮ್ಮೆ ಕೆಮ್ಮಿ ನಿಂತಿತು, ಮತ್ತೆ ಕೆಮ್ಮಿತು.

ಕಿಟಕಿಯಿಂದ ನೋಡಿದೆ. ಮಾಮ ಎಲ್ಲಿಂದಲೋ ಹೊಸ ತಾಳೆ ದಿಮ್ಮಿ ತರಿಸಿದ್ದಾನೆ. ಹಿಂದೆ ಹೆದ್ದಾರಿ ಬದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಟಿಕಿ ಕೆತ್ತಿ ಮಾರುತ್ತಿದ್ದವನು ಅವನು. ಈ ಕರಾವಳಿಯಲ್ಲಿ ಬಿಯರ್ ಕುಡಿಯಲು ಕೂತರೆ ಅವನ ಕೈಯ ಒಂದು ಮುಖವಾದರೂ ನಿಮ್ಮನ್ನು ನೋಡುತ್ತಿರುತ್ತದೆ. ಇವತ್ತು ಗರಗಸದ ಮೂತಿಯನ್ನು ದಿಮ್ಮಿಗೆ ಮುಟ್ಟಿಸಿದ ಕೂಡಲೇ ಅದು ಎಗರಿತು. ಅವನು ಅದನ್ನು ನಿಧಾನ ನೆಲಕ್ಕಿಟ್ಟು, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಕುಳಿತು, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಏನೂ ನೋಡದವಳ ಹಾಗೆ ಇದ್ದೆ. ಅದು ಸುಳ್ಳು.

ಬಸ್ಸು ತಪ್ಪಿತು. ಮುಂದಿನ ಶುಕ್ರವಾರ.

ಮಾರ್ಚ್ 15, ಭಾನುವಾರ

ಹೋದ ವರ್ಷದ ಚಂಡಮಾರುತಕ್ಕೆ ಮುರಿದ ದೋಣಿಕಟ್ಟೆಗಳ ಥರ್ಮೊಕೋಲ್ ದಿಮ್ಮಿಗಳು ಮ್ಯಾಂಗ್ರೋವ್ ಪೊದೆಯಲ್ಲಿ ಇನ್ನೂ ಸಿಕ್ಕಿಕೊಂಡಿವೆ. ಕಟ್ಟೆ ತೇಲಲಿ ಎಂದು ಹಲಗೆಯ ಕೆಳಗೆ ಕಟ್ಟುತ್ತಾರಲ್ಲ, ಅವು. ಒಂದನ್ನು ಒಬ್ಬಳೇ ಎಳೆದು ತಂದೆ. ನನಗಿಂತ ದೊಡ್ಡದು, ನನ್ನ ಚೀಲಕ್ಕಿಂತ ಹಗುರ.

ಇದರಲ್ಲಿ ಓಟಿಸ್‌ನನ್ನು ಮಾಡುತ್ತೇನೆ ಎಂದೆ. ಯಾಕೆ ಹಾಗೆಂದೆನೋ ತಿಳಿಯದು.

ಮಾಮ ಅದನ್ನು ಒಂದು ಬೆರಳಿನಿಂದ ತಳ್ಳಿದ. ಅದು ಜರುಗಿತು. "ಇದು ಕಾಫಿ ಲೋಟ ಮಾಡೋ ಮಾಲು ಕಣೇ ಟ್ವೈಲಾ. ಒಂದು ಗಾಳಿ ಬಂದ್ರೆ ನಿನ್ನ ಓಟಿಸ್ ಅಲಬಾಮಾದಲ್ಲಿರ್ತಾನೆ."

"ಗೆದ್ದಲು ತಿನ್ನಲ್ಲ."

"ಗೆದ್ದಲಿಗೂ ಒಂದು ಮರ್ಯಾದೆ ಇರ್ತದೆ."

ಮಾರ್ಚ್ 19, ಗುರುವಾರ

ಉಪ್ಪು ನೀರು ತೊಳೆದು, ಮೇಲಿನ ಹಳದಿ ಸಿಪ್ಪೆ ಕೊಯ್ದೆ. ಅತ್ತೆ ಹಬ್ಬದ ದಿನ ಬೇಯಿಸಿದ ಟರ್ಕಿ ಕೋಳಿ ಕೊಯ್ಯುತ್ತಿದ್ದ ಕರೆಂಟ್ ಚಾಕು ಅಡುಗೆಮನೆಯ ಮೇಲಿನ ಗೂಡಿನಲ್ಲಿತ್ತು. ಅದಕ್ಕೆ ಥರ್ಮೊಕೋಲ್ ಮೊಸರಿನಷ್ಟೇ. ಗುರ್ರ್ ಎಂದರೆ ಒಂದು ಹೋಳು ಜಾರಿ ಬೀಳುತ್ತದೆ. ಒಳಗೆ ಇನ್ನೂ ಯಾರೂ ಮುಟ್ಟದ ಬಿಳುಪು. ಚೆನ್ನಾಗಿದೆ.

ಕಾಳುಗಳದ್ದೇ ಕಾಟ. ಸಾಸಿವೆಯಷ್ಟು ಬಿಳಿ ಕಾಳು ಕೂದಲಲ್ಲಿ, ರೆಪ್ಪೆಯಲ್ಲಿ, ಹಾಸಿಗೆಯಲ್ಲಿ. ಒರೆಸಿದರೆ ಕೈಗೆ ಅಂಟುತ್ತವೆ, ಕೈ ಕೊಡವಿದರೆ ಮೂಗಿಗೆ. ಬೆಳಿಗ್ಗೆ ಮಾಮ ತಟ್ಟೆಯಲ್ಲಿದ್ದ ಬಿಳಿ ಜೋಳದ ಗಂಜಿಯನ್ನು ಚಮಚದಲ್ಲಿ ಕೆದಕುತ್ತ, ಇದರಲ್ಲಿ ಯಾವುದು ಜೋಳ, ಯಾವುದು ಓಟಿಸ್ ಎಂದು ಕೇಳಿದ. ಆಮೇಲೆ ಎರಡನ್ನೂ ತಿಂದ.

ಮಾರ್ಚ್ 27, ಶುಕ್ರವಾರ

ಹುಬ್ಬು ಬಂತು, ಕಣ್ಣು ಬಂತು. ಹಳೆಯ ಓಟಿಸ್‌ನ ಮುಖವನ್ನು ದಾರ ಹಿಡಿದು ಅಳೆದು, ಇದರ ಮೇಲೆ ಗುರುತು ಹಾಕಿಯೇ ಕೊಯ್ದಿದ್ದು. ಆದರೂ ಬಾಯಿ ಬರುತ್ತಿಲ್ಲ. ಅಳತೆ ಸರಿಯಿದೆ, ಬಾಯಿ ಸರಿಯಿಲ್ಲ.

ಮಾಮ ಈಗ ಮಡಚುವ ಕುರ್ಚಿ ತಂದು ದೂರದಲ್ಲಿ ಹಾಕಿಕೊಂಡು ಕೂರುತ್ತಾನೆ. ಪೇಪರ್ ಓದುತ್ತಿದ್ದೇನೆ ಎನ್ನುತ್ತಾನೆ. ಪುಟ ತಿರುಗಿಸುವುದಿಲ್ಲ.

"ಏನು ತಪ್ಪಾಗಿದೆ ಹೇಳು ಮಾಮ."

"ನಿನ್ನವನು ಸುಮ್ಮನೆ ಹಲ್ಲು ಕಿಸಿದಿದಾನೆ. ಓಟಿಸ್ ಏನೋ ಹೇಳೋಕೆ ಬಾಯಿ ತೆಗೆದವನು."

ಏನು ಹೇಳೋಕೆ ಎಂದು ಕೇಳಿದ್ದಕ್ಕೆ ಅವನು ಪೇಪರ್ ಮಡಚಿ ಎದ್ದುಹೋದ.

ಏಪ್ರಿಲ್ 2, ಗುರುವಾರ

ಎಲ್ಲ ಹಾಳಾಯಿತು.

ಬಾಯಿ ಹೇಗಿದ್ದರೂ ಇರಲಿ, ಬಣ್ಣ ಹೊಡೆದು ಮುಗಿಸಿ ನಾಳೆ ಹೊರಟುಬಿಡೋಣ ಎಂದುಕೊಂಡೆ. ಚಪ್ಪರದ ಕಪಾಟಿನಲ್ಲಿ ಕಂದು ಸ್ಪ್ರೇ ಡಬ್ಬಿ ಇತ್ತು. ಕುಲುಕಿ ಎಡಗೆನ್ನೆಗೆ ಹೊಡೆದೆ. ಚರ್ ಎಂದು ಸಣ್ಣ ಸದ್ದು. ಕೆನ್ನೆ ಒಳಗೆ ಕುಸಿಯಿತು. ನಾನು ಮೂರ್ಖಳ ಹಾಗೆ ಕುಸಿದದ್ದನ್ನು ಮುಚ್ಚಲು ಇನ್ನೊಂದು ಸಲ ಹೊಡೆದೆ. ಕಣ್ಣು ಜಾರಿತು, ಬಾಯಿಯ ಎಡತುದಿ ಕೆಳಗೆ ಎಳೆದುಕೊಂಡಿತು. ಆ ಡಬ್ಬಿಯ ಬಣ್ಣ ಥರ್ಮೊಕೋಲನ್ನು ಕರಗಿಸುತ್ತದೆ, ಮೊದಲು ಬಿಳಿ ಅಂಟು ಬಳಿದು ಒಣಗಿಸಬೇಕು ಎಂದು ಡಬ್ಬಿಯ ಹಿಂದೆ ಬರೆದಿರಲಿಲ್ಲ. ಬರೆದಿದ್ದರೂ ಓದುತ್ತಿರಲಿಲ್ಲ.

ಬಕೆಟ್ಟಿಗೆ ಒದ್ದೆ. ಸದ್ದಿಗೆ ಮಾಮ ಬಂದ. ಬೈಯುತ್ತಾನೆ ಅಥವಾ ನಗುತ್ತಾನೆ ಎಂದುಕೊಂಡೆ. ಅವನು ಹತ್ತಿರ ಬಂದು, ನಡುಗುವ ಕೈಯನ್ನು ಕುಸಿದ ಕೆನ್ನೆಯ ಮೇಲಿಟ್ಟ. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ಊಟಕ್ಕೂ ಬರಲಿಲ್ಲ.

ಚೀಲ ತುಂಬಿ ಬಾಗಿಲಲ್ಲಿಟ್ಟಿದ್ದೇನೆ. ನಾಳೆ ಹೊರಡುತ್ತೇನೆ. ಈ ಸಲ ನಿಜ.

ಏಪ್ರಿಲ್ 3, ಶುಕ್ರವಾರ

ಬೆಳಿಗ್ಗೆ ಮಾಮ ಕರಗಿದ ಮುಖದ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಇನ್ನೊಂದು ಕುರ್ಚಿ, ಅದರ ಮೇಲೆ ನನ್ನ ಕಾಫಿ.

ಇದನ್ನು ಬಿಸಾಡಬೇಡ ಎಂದ. ನಿನ್ನ ಅತ್ತೆಯ ಕೊನೆಯ ವರ್ಷದ ಮುಖ ಹೀಗೇ ಇತ್ತು ಎಂದ. ಲಕ್ವ ಹೊಡೆದ ಮೇಲೆ ಅವಳ ಎಡಗಡೆ ಹೀಗೆ ಇಳಿದುಹೋಗಿತ್ತು. ನಾನಾಗ ನೋಡಲು ಬಂದಿರಲಿಲ್ಲ.

ಆಮೇಲೆ ಉಳಿದದ್ದನ್ನೂ ಹೇಳಿದ. ಓಟಿಸ್ ಯಾವ ದ್ವೀಪದವನೂ ಅಲ್ಲ. ಮದುವೆಯಾದ ಹೊಸದರಲ್ಲಿ ಮಾಮ ಎಣ್ಣೆ ಸೋರುವ ಗರಗಸವನ್ನು ಅತ್ತೆಯ ಹೊಸ ಊಟದ ಮೇಜಿನ ಮೇಲೆ ಇಟ್ಟನಂತೆ. ಅತ್ತೆ ಬಾಗಿಲಲ್ಲಿ ನಿಂತು ಬೈದಳಂತೆ.

"ಎಷ್ಟು ಚೆನ್ನಾಗಿ ಬೈದಳು ಅಂದ್ರೆ, ಆ ಮುಖ ಕೆತ್ತೋಕೆ ಮಾರನೇ ದಿನವೇ ಹೋಗಿ ದಿಮ್ಮಿ ತಂದೆ. ಗೊತ್ತಾಗಬಾರದು ಅಂತ ಗಂಡಸಿನ ಹೆಸರಿಟ್ಟೆ."

"ಅತ್ತೆಗೆ ಗೊತ್ತಾಯ್ತಾ?"

"ಅವತ್ತೇ. ಸುತ್ತಲೂ ಒಂದು ಸುತ್ತು ಬಂದಳು. ‘ನನ್ನ ಮೂಗು ಇಷ್ಟು ದೊಡ್ಡದಿಲ್ಲ’ ಅಂದಳು. ಒಳಗೆ ಹೋದಳು."

ಇಬ್ಬರೂ ನಕ್ಕೆವು. ಮಾಮ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಫೋಟೊದಲ್ಲೆಲ್ಲ ನಗ್ತಾ ಇದಾಳೆ ಕಣೇ. ಕ್ಯಾಮೆರಾ ಕಂಡ್ರೆ ಎಲ್ಲರೂ ನಗ್ತಾರೆ. ನನಗೆ ಬೈತಿದ್ದವಳು ಆ ದಿಮ್ಮಿಯಲ್ಲಿ ಮಾತ್ರ ಇದಾಳೆ."

ಆಗ ನಾನೂ ಹೇಳಿಬಿಟ್ಟೆ. ಚಿಕ್ಕವಳಿದ್ದಾಗ ಹೆದರಿ ಕಿರುಚಿದ್ದಲ್ಲ, ಹೊರಡಲು ಇಷ್ಟವಿಲ್ಲದೆ ಕಿರುಚಿದ್ದು ಎಂದು. ಹೇಳುವಾಗ ನನಗೆ ಅದು ತಮಾಷೆ ಎನಿಸಿತ್ತು. ಮಾಮ ನನ್ನನ್ನೇ ನೋಡಿದ.

"ಅವಳು ತನ್ನ ಮುಖಕ್ಕೆ ತಾನೇ ಬೆಡ್‌ಶೀಟ್ ಹೊದಿಸ್ತಿದ್ದಳಲ್ಲೇ. ಮಗು ನನ್ನ ಮುಖ ಕಂಡ್ರೆ ಹೆದರ್ತದೆ ಅಂತ."

ಅದು ತನ್ನ ಮುಖ ಎಂದು ಅವಳಿಗೆ ಗೊತ್ತಿತ್ತು. ಪ್ರತಿ ಬೇಸಿಗೆಯೂ ಗೊತ್ತಿದ್ದುಕೊಂಡೇ ಹೊದಿಸಿದಳು. ಆಮೇಲೆ ನನಗೆ ಪೀಚ್ ಹಣ್ಣು ಹೆಚ್ಚಿ ಕೊಡುತ್ತಿದ್ದಳು.

ಮಧ್ಯಾಹ್ನ ಹೋಗಿ ಇನ್ನೊಂದು ಥರ್ಮೊಕೋಲ್ ದಿಮ್ಮಿ ಎಳೆದು ತಂದೆ.

ಏಪ್ರಿಲ್ 7, ಮಂಗಳವಾರ

ಬಾಯಿ ಬಂತು.

ಅತ್ತೆ ಬೈಯುವಾಗ ತುಟಿ ಹೇಗಿರುತ್ತಿತ್ತು ತೋರಿಸು ಎಂದು ಮಾಮನಿಗೆ ಹೇಳಿದೆ. ಮೊದಲು ಆಗಲ್ಲ ಎಂದ. ಆಮೇಲೆ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಸಣ್ಣ ದನಿ ಮಾಡಿ ಶುರುಮಾಡಿದ.

"ವರ್ಡೆಲ್ ಪಿಟ್ಮನ್, ಇದು ಮನೆಯೋ ಗ್ಯಾರೇಜೋ? ನಿನ್ನ ಕಟ್ಟಿಕೊಂಡಿದ್ದಕ್ಕಿಂತ ಆ ಗರಗಸವನ್ನೇ ಕಟ್ಟಿಕೊಂಡಿದ್ರೆ ಅದಾದರೂ ಹೇಳಿದ ಮಾತು ಕೇಳ್ತಿತ್ತು."

ಕೇಳುತ್ತಿದ್ದಂತೆ ನನಗೆ ಹೊಳೆಯಿತು. ಕೆಳತುಟಿ ಮುಂದಕ್ಕೆ ಬರುತ್ತದೆ, ಬಲತುದಿ ಮಾತ್ರ ಸ್ವಲ್ಪ ಮೇಲೇಳುತ್ತದೆ. ಬೈಯುವವಳಿಗೆ ನಗು ಬರುತ್ತಿದೆ, ಅದನ್ನು ತಡೆಯುತ್ತಿದ್ದಾಳೆ. ಹಳೆಯ ಓಟಿಸ್‌ನಲ್ಲೂ ಅದಿತ್ತು. ದಾರಕ್ಕೆ ಸಿಕ್ಕಿರಲಿಲ್ಲ.

ಇನ್ನೂ ಬೈ ಎಂದೆ. ಅವನು ಬೈಯುತ್ತಲೇ ಇದ್ದ, ನಾನು ಕೊಯ್ಯುತ್ತಲೇ ಇದ್ದೆ. ಸೀನಾ ಗೇಟಿನಲ್ಲಿ ಯಾವಾಗ ಬಂದು ನಿಂತಳೋ. ತಪ್ಪು ದಿನ ಬಂದೆನಾ ಎಂದು ಕೇಳಿದಳು.

ಏಪ್ರಿಲ್ 13, ಸೋಮವಾರ

ತಾಳೆಯ ಮೈಯಲ್ಲಿ ನಾರು ಇರುತ್ತದೆ. ಥರ್ಮೊಕೋಲಿನ ಮೇಲೆ ತಂತಿ ಬ್ರಷ್ಷಿನಿಂದ ಗೀರಿದರೆ ಆ ನಾರು ಬರಬೇಕು. ನಾನು ಗೀರಿದರೆ ಶಾಲೆಗೆ ಹೊರಟ ಹುಡುಗನ ತಲೆ ಬಾಚಿದ ಹಾಗೆ ಆಗುತ್ತದೆ. ಎಲ್ಲ ನೇರ, ಎಲ್ಲ ಒಂದೇ ಸಮ. ಬೇಕೆಂದೇ ಸೊಟ್ಟ ಎಳೆದರೆ ಅದೂ ಗೊತ್ತಾಗುತ್ತದೆ.

"ಕೊಡಿಲ್ಲಿ," ಎಂದ ಮಾಮ.

ಇಷ್ಟು ದಿನ ಅವನು ಈ ಕೆಲಸಕ್ಕೆ ಕೈ ಹಾಕಿರಲಿಲ್ಲ. ಬ್ರಷ್ ಹಿಡಿದು ಹಣೆಯ ಮೇಲಿಟ್ಟು ಕೆಳಗೆಳೆದ. ಕೈ ನಡುಗಿತು. ಗೀರು ನಡುಗುತ್ತ ಇಳಿಯಿತು, ಎಲ್ಲೋ ಕವಲೊಡೆಯಿತು, ಎಲ್ಲೋ ತೆಳುವಾಗಿ ಮತ್ತೆ ಕೂಡಿಕೊಂಡಿತು. ಅದು ನಾರು. ಮಳೆಬಿಸಿಲು ತಿಂದ ತಾಳೆಯದೇ ನಾರು. ಇಬ್ಬರೂ ನೋಡಿದೆವು. ನನಗೆ ಅಸೂಯೆಯಾಯಿತು, ನಿಜ ಹೇಳುತ್ತೇನೆ.

"ಇದಕ್ಕಾದರೂ ಬಂತಲ್ಲ ದರಿದ್ರ ಕೈ," ಎಂದು ಅವನು ಕತ್ತಿನ ಕಡೆಗೆ ಇಳಿದ. ಸಂಜೆಯ ತನಕ ನಿಲ್ಲಿಸಲಿಲ್ಲ. ನಾನು ಸ್ಟೂಲು ಹಿಡಿದುಕೊಂಡಿದ್ದೆ. ಗಡ್ಡದ ತುಂಬ ಬಿಳಿ ಕಾಳು ಅಂಟಿಸಿಕೊಂಡು ಒಳಗೆ ಹೋದ. ಕನ್ನಡಿ ನೋಡಿಕೊಂಡು, ಓಟಿಸ್ ನನಗೂ ಹತ್ತಿಬಿಟ್ಟ ಎಂದ.

ಏಪ್ರಿಲ್ 18, ಶನಿವಾರ

ಬಿಳಿ ಅಂಟು ಎರಡು ಸಲ ಬಳಿದೆ. ನಡುವೆ ಒಂದು ದಿನ ಪೂರ್ತಿ ಒಣಗಲು ಬಿಟ್ಟೆ, ಹತ್ತಿರ ಸುಳಿಯಲಿಲ್ಲ. ಮೇಲೆ ಗೋಡೆಗೆ ಬಳಿಯುವ ನೀರಿನ ಪೇಂಟು, ಗಾಢ ಕಂದು. ಒಣಗಿದ ಮೇಲೆ ನಾರಿನ ಏಣುಗಳ ಮೇಲೆ ಮಾತ್ರ ತಿಳಿ ಬಣ್ಣ ಸವರಿದೆ. ಹಳೆಯವನ ಪಕ್ಕ ನಿಲ್ಲಿಸಿದರೆ ಅಣ್ಣತಮ್ಮಂದಿರು.

ಮಾಮ ಸುತ್ತಲೂ ಒಂದು ಸುತ್ತು ಬಂದ.

"ಮೂಗು ಚಿಕ್ಕದಾಯ್ತಲ್ಲ."

"ಅತ್ತೆ ಹೇಳಿದ್ದಳಲ್ಲ."

ಅವನು ನನ್ನ ತಲೆಯ ಮೇಲಿನ ಕಾಳು ತೆಗೆಯಲು ನಿಂತ. ಒಂದು ತೆಗೆದರೆ ಎರಡು ಅಂಟುತ್ತಿದ್ದವು.

ಏಪ್ರಿಲ್ 20, ಸೋಮವಾರ

ಪಟ್ಟೆ ಪಟ್ಟೆ ಟೆಂಟ್ ಹೊದ್ದ ಮನೆ ಸರ್ಕಸ್ಸಿನ ಹಾಗೆ ಕಾಣುತ್ತಿದೆ. ಹಳೆಯ ಓಟಿಸ್‌ನನ್ನು ಇಬ್ಬರು ಎತ್ತಿದಾಗ ಸೊಂಟದಲ್ಲಿ ಎರಡಾಯಿತು. ಒಳಗೆಲ್ಲ ಹಪ್ಪಳದಂಥ ಪದರ, ಮುಟ್ಟಿದರೆ ಪುಡಿ. ಮಾಮ ಟೋಪಿ ತೆಗೆದು ನಿಂತ. ನಾನೂ ನಿಂತೆ. ಲಾರಿಯವನಿಗೆ ಏನು ಮಾಡಬೇಕೆಂದು ತಿಳಿಯದೆ ಅವನೂ ಒಂದು ಗಳಿಗೆ ನಿಂತ.

ಮನೆಯೊಳಗೆ ಹೋಗಲು ಎರಡು ದಿನ ಬೇಕು. ಹೊಸ ಓಟಿಸ್‌ನನ್ನು ಬಿಟ್ಟುಬರಲು ಮಾಮ ಒಪ್ಪಲಿಲ್ಲ. ಪಿಕಪ್ ಗಾಡಿಯಲ್ಲಿ ನಮ್ಮಿಬ್ಬರ ನಡುವೆ ಉದ್ದಕ್ಕೆ ಮಲಗಿಸಿ ಮೋಟೆಲಿಗೆ ತಂದೆವು, ತಲೆ ಹಿಂಬದಿಯ ಕಿಟಕಿಯಿಂದ ಹೊರಗೆ. ಕೋಣೆ ಗುಡಿಸಲು ಬಂದವಳು ಬಾಗಿಲು ತೆಗೆದು ಕಿರುಚಿದಳು. ಇವಳದ್ದು ನಿಜವಾದ ಹೆದರಿಕೆ ಎಂದ ಮಾಮ, ನನ್ನ ಕಡೆ ನೋಡಿ.

ಏಪ್ರಿಲ್ 24, ಶುಕ್ರವಾರ

ಓಟಿಸ್‌ನ ಬೆನ್ನೊಳಗೆ ಕಬ್ಬಿಣದ ಪೈಪು ತೂರಿಸಿ, ಕೆಳಗೆ ಕಾಂಕ್ರೀಟು ಹಾಕಿ ನಿಲ್ಲಿಸಿದ್ದೇವೆ. ಅಲಬಾಮಾಗೆ ಹೋಗುವುದಿಲ್ಲ. ಕರಗಿದ ಮುಖವನ್ನು ಮಾಮ ತನ್ನ ಕೋಣೆಯಲ್ಲಿ ಕಿಟಕಿಯ ಕೆಳಗೆ ಇಟ್ಟುಕೊಂಡಿದ್ದಾನೆ.

ಸಂಜೆ ಅವನು ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದ. ನ್ಯೂ ಆರ್ಲಿಯನ್ಸ್‌ನಲ್ಲಿರುವ ಹಳೆಯ ಗೆಳೆಯ. ಅವನ ಶೆಡ್ಡಿನಲ್ಲಿ ಕಾರ್ನಿವಲ್ ಮೆರವಣಿಗೆಯ ಗಾಡಿಗಳಿಗೆ ವರ್ಷವಿಡೀ ಥರ್ಮೊಕೋಲಿನ ತಲೆಗಳನ್ನು ಕೆತ್ತುತ್ತಾರಂತೆ. ಮನೆಯಷ್ಟು ದೊಡ್ಡ ತಲೆಗಳು. ಕೆಲಸಕ್ಕೆ ಒಬ್ಬರು ಬೇಕಂತೆ. ಟ್ವೈಲಾ ಬರುತ್ತಾಳೆ ಎಂದು ಮಾಮ ಹೇಳಿಬಿಟ್ಟಿದ್ದಾನೆ.

ನನಗೆ ಸಿಟ್ಟು ಬಂತು. ಕೇಳದೆ ಹೇಗೆ ಹೇಳಿದೆ ಎಂದು ಜಗಳವಾಡಿದೆ.

"ಪ್ರತಿ ಶುಕ್ರವಾರ ಹೊರಡ್ತೀನಿ ಅಂತಿದ್ದವಳು ನೀನು. ಯಾವ ಊರಿಗೆ ಅಂತ ಒಂದು ದಿನವೂ ಹೇಳಲಿಲ್ಲ. ನಾನು ಊರು ಹುಡುಕಿದೆ, ಅಷ್ಟೇ."

"ನಿನ್ನ ಯಾರು ನೋಡ್ಕೋತಾರೆ?"

"ಸೀನಾ ಬರ್ತಾಳೆ. ಉಳಿದ ದಿನ ಬೈಯೋಕೆ ಇವಳಿದ್ದಾಳಲ್ಲ," ಎಂದು ಚಪ್ಪರದ ಕಡೆ ಗದ್ದ ತೋರಿಸಿದ.

ಅವನು ಓಟಿಸ್‌ಗೆ ಇವಳು ಎಂದದ್ದು ಇದೇ ಮೊದಲು.

ನಾನಿನ್ನೂ ಒಪ್ಪಿಲ್ಲ. ಚಪ್ಪರದ ಕಂಬಕ್ಕೆ ಬಣ್ಣ ಹೊಡೆಯುವುದು ಬಾಕಿಯಿದೆ. ಅದು ಮುಗಿಯಲಿ.

ಏಪ್ರಿಲ್ 30, ಗುರುವಾರ

ಕಂಬ ಮುಗಿಯಿತು.

ಚೀಲದಲ್ಲಿ ಬಟ್ಟೆಯ ನಡುವೆ ಅತ್ತೆಯ ಟರ್ಕಿ ಚಾಕು ಇದೆ. ನಾನು ಕೇಳಿರಲಿಲ್ಲ. ಮಾಮ ಅದರ ವೈರನ್ನು ಒಪ್ಪವಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ತುರುಕಿಟ್ಟಿದ್ದಾನೆ. ಆ ಕೈಯಲ್ಲಿ ಅಷ್ಟು ಒಪ್ಪವಾಗಿ ಸುತ್ತಲು ಎಷ್ಟು ಹೊತ್ತು ಹಿಡಿಯಿತೋ.

ಸಂಜೆ ಹೊರಗೆ ಹೋದರೆ ಓಟಿಸ್‌ನ ಮೇಲೆ ಹೂವಿನ ಬೆಡ್‌ಶೀಟ್. ಅದೇ ಹಳೆಯದು, ಅಂಚು ಹರಿದದ್ದು.

"ನನಗೆ ಹೆದರಿಕೆ ಇಲ್ಲ ಅಂತ ಹೇಳಿದ್ದೆನಲ್ಲ ಮಾಮ."

"ನಿನಗಲ್ಲ ಕಣೇ. ನೀನು ಹೋಗೋದನ್ನ ಅವಳು ಯಾಕೆ ನೋಡಬೇಕು."

ಅವನು ಒಳಗೆ ಹೋದ ಮೇಲೆ ಬೆಡ್‌ಶೀಟ್ ತೆಗೆದು ಮಡಚಿ ಕುರ್ಚಿಯ ಮೇಲಿಟ್ಟೆ. ಬಲತುದಿಯಲ್ಲಿ ಸ್ವಲ್ಪ ಮೇಲೆದ್ದ ಆ ಬಾಯಿಯನ್ನು ನೋಡಿದೆ. ಅಡುಗೆಮನೆಯಲ್ಲಿ ಮಾಮ ಪೀಚ್ ಹಣ್ಣು ಹೆಚ್ಚುತ್ತಿದ್ದಾನೆ. ಚಾಕು ಹಲಗೆಗೆ ಟಕಟಕ ಬಡಿಯುವುದು ಇಲ್ಲಿಗೂ ಕೇಳಿಸುತ್ತಿದೆ. ಹೋಳುಗಳು ಒಂದು ದಪ್ಪ ಒಂದು ತೆಳು ಇರುತ್ತವೆ.

ನಾಳೆ ಶುಕ್ರವಾರ. ಬೆಳಗಿನ ಬಸ್ಸಿಗೆ ನ್ಯೂ ಆರ್ಲಿಯನ್ಸ್‌ಗೆ ಹೊರಡುತ್ತೇನೆ.